ಫೆದರೇಸಿ ಸಣ್ಣಗಾದದ್ದು

ನ್ಯೆಂಡೋದ ಟ್ಯಾಕ್ಸಿ ನಿಲ್ದಾಣದ ಹಿಂದೆ ಊಟ ಮಾರುವ ಹೆಂಗಸರ ಸಾಲಿದೆ. ಆ ಸಾಲಿನಲ್ಲಿ ಫೆದರೇಸಿಯ ತಗಡಿನ ಹೋಟೆಲಿಗೆ ಹೆಸರಿನ ಹಲಗೆ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಬಾಗಿಲ ಬಳಿ ಅವಳೇ ಕೂತಿರುತ್ತಿದ್ದಳು, ಕೆಳಗಿನ ಸ್ಟೂಲು ಯಾರಿಗೂ ಕಾಣದಂತೆ. ಅಡುಗೆಯವಳೇ ಹೀಗಿದ್ದರೆ ಅಡುಗೆ ಹೇಗಿರಬೇಡ ಎಂದುಕೊಂಡು ಡ್ರೈವರುಗಳು ಒಳಗೆ ನುಗ್ಗುತ್ತಿದ್ದರು, ಮೋಸ ಹೋಗುತ್ತಲೂ ಇರಲಿಲ್ಲ. ಬಾಳೆಕಾಯಿಯನ್ನು ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಎಲೆಯ ಮೇಲಿಂದ ಅದುಮಿ ಮೆತ್ತಗೆ ಮಾಡಿದರೆ ಅದು ಮತೋಕೆ. ಎಲ್ಲ ಹೆಂಗಸರಿಗೂ ಬರುವ ಕೆಲಸವೇ ಅದು, ಆದರೆ ಅವಳ ಕೈಗೆ ಬಂದಷ್ಟು ಬರುವುದಿಲ್ಲ. ಅದರ ಮೇಲೆ ಅವಳು ಸುರಿಯುತ್ತಿದ್ದ ಕಡಲೆಕಾಯಿ ಗೊಜ್ಜಿನ ಆಸೆಗೆ ಕಂಪಾಲಾ ಬಸ್ಸು ತಪ್ಪಿಸಿಕೊಂಡವರಿದ್ದಾರೆ.

ನಮ್ಮ ಕಡೆ ದಪ್ಪ ಅನ್ನುವುದು ಬೈಗುಳವಲ್ಲ. ಬಹಳ ದಿನದ ಮೇಲೆ ಕಂಡವರು "ಮೈ ಬಂದಿದೆಯಲ್ಲೇ" ಅಂದರೆ ಹರಸಿದ ಹಾಗೆ. "ಇಳಿದುಹೋಗಿದೀಯ" ಅಂದರೆ ಅದು ವಿಚಾರಣೆ. ಈ ಸೀಮೆಯಲ್ಲಿ ಇಪ್ಪತ್ತು ವರ್ಷ ಜನ ಸತ್ತದ್ದೇ ಸಣ್ಣಗಾಗಿ. ಏಡ್ಸ್ ಅನ್ನುವ ಹೆಸರು ಆಸ್ಪತ್ರೆಯವರದು, ನಾವು ಅದಕ್ಕೆ ಸಿಲೀಮು ಅನ್ನುತ್ತಿದ್ದೆವು. ಮೊದಲು ಕೆನ್ನೆ ಹೋಗುತ್ತಿತ್ತು, ಆಮೇಲೆ ತೋಳು, ಆಮೇಲೆ ಮನುಷ್ಯ. ಯಾವ ಮನೆಯ ಹಿಂದಿನ ಬಾಳೆತೋಟಕ್ಕೆ ಹೋದರೂ ಒಂದಲ್ಲ ಒಂದು ಗೋರಿ ಸಿಗುತ್ತದೆ. ಇಂಥ ಊರಿನಲ್ಲಿ ಯಾರಾದರೂ ಬೇಕೆಂದೇ ಸಣ್ಣಗಾಗುತ್ತಾರೆಯೇ? ಫೆದರೇಸಿ ಆದಳು. ಅದೇ ಈ ಕತೆ.

ಅವಳಿಗೆ ಮಕ್ಕಳಿರಲಿಲ್ಲ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಇದ್ದವಳು ಜೋವಿಯಾ, ಅಣ್ಣ ಲಿಯೋನ ಮಗಳು. ಅಣ್ಣನೂ ಅತ್ತಿಗೆಯೂ ಒಬ್ಬರ ಹಿಂದೆ ಒಬ್ಬರು ಹೋದಾಗ ಆ ಹುಡುಗಿ ಇನ್ನೂ ಹಾಲುಹಲ್ಲು ಉದುರದ ಕೂಸು. ಫೆದರೇಸಿ ಕಂಕುಳಿಗೆ ಹಾಕಿಕೊಂಡು ಬಂದವಳು ಮತ್ತೆ ಕೆಳಗೆ ಇಳಿಸಲಿಲ್ಲ. ಗೊಜ್ಜು ಮಾರಿಯೇ ಓದಿಸಿದಳು. ಜೋವಿಯಾ ಟೀಚರ್ ಆದಳು. ಈಗ ಅವಳಿಗೊಬ್ಬ ಹುಡುಗ ಗೊತ್ತಾಗಿದ್ದ, ಲುಕಾಯಾ ಕಡೆಯವನು, ಅವನೂ ಮೇಷ್ಟರೇ.

ನಮ್ಮಲ್ಲಿ ಮದುವೆಗಿಂತ ದೊಡ್ಡದು ಅದಕ್ಕೆ ಮೊದಲು ನಡೆಯುವ ಪರಿಚಯದ ಶಾಸ್ತ್ರ. ಹುಡುಗನ ಕಡೆಯವರು ಬುಟ್ಟಿ ಹೊತ್ತು ಹುಡುಗಿಯ ಅಂಗಳಕ್ಕೆ ಬರುತ್ತಾರೆ. ಆವತ್ತು ಅಪ್ಪನಿಗಿಂತ ಅಮ್ಮನಿಗಿಂತ ಮೇಲಿನವಳು ಸೋದರತ್ತೆ, ಸೆಂಗಾ. ಅಷ್ಟೂ ಗಂಡಸರ ನಡುವೆ ಅಳಿಯನನ್ನು ಹುಡುಕಿ ಎದೆಗೆ ಹೂವು ಚುಚ್ಚುವವಳು ಅವಳೇ. ಅದಕ್ಕೆ ಮೊದಲು ಚಾಪೆಯ ಮೇಲೆ ಮಂಡಿಯೂರಿ ಬಂದವರಿಗೆಲ್ಲ ನಮಸ್ಕಾರ ಹೇಳಬೇಕು. ಮಂಡಿಯೂರದ ಹೆಂಗಸನ್ನು ನಮ್ಮವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಿಂದಿನ ವರ್ಷ ದಾಯಾದಿಯೊಬ್ಬನ ಮಗಳ ಶಾಸ್ತ್ರದಲ್ಲಿ ಫೆದರೇಸಿ ಮಂಡಿಯೂರಿದ್ದಳು, ಏಳಲಾಗಿರಲಿಲ್ಲ. ಮೊಣಕಾಲು ಕಚ್ಚಿಕೊಂಡಿತು. ಗಂಡಿನ ಕಡೆಯ ಇಬ್ಬರು ಬಂದು ಎತ್ತಿದರು. ಮೈಕು ಹಿಡಿದವನು "ಸೆಂಗಾನ ಎಬ್ಬಿಸೋಕೆ ಲಾರಿ ಜ್ಯಾಕು ತನ್ನಿ" ಅಂದ. ಅಂಗಳವೇ ನಕ್ಕಿತು. ಅವಳೂ ನಕ್ಕಳು, ಮನೆಗೆ ಬಂದು ಅತ್ತಳು. ಮುಂದಿನ ಸರದಿ ಜೋವಿಯಾಳದು. ಆ ದಿನ ತಾನೇ ಮಂಡಿಯೂರಬೇಕು, ಯಾರ ಕೈಯೂ ಹಿಡಿಯದೆ ತಾನೇ ಏಳಬೇಕು. ಸತ್ತ ಅಣ್ಣನ ಮಗಳನ್ನು ತನ್ನ ಕಾಲ ಮೇಲೆ ನಿಂತು ದಾಟಿಸಬೇಕು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ಹೇಳುವವರಿಗೇನು, ಊರ ತುಂಬ ಇದ್ದರು. ಬಸ್ಸಿನಲ್ಲಿ ಔಷಧ ಮಾರುವವನು ಹಸಿರು ಡಬ್ಬಿಯ ಚೀನಾ ಚಹಾ ಕೊಟ್ಟ. ಒಂದು ವಾರ ಅವಳು ಪಾಯಖಾನೆಯಿಂದ ಈಚೆ ಬರಲಿಲ್ಲ. ಇನ್ನೊಬ್ಬಳು ಬೆಳಗಿಂದ ರಾತ್ರಿವರೆಗೆ ಬರೀ ಅನಾನಸು ತಿನ್ನು ಅಂದಳು. ಬಾಯಿಯೆಲ್ಲ ಹುಣ್ಣಾಯಿತು. ಬಿಸಿನೀರು ನಿಂಬೆಹುಳಿ ಆಯಿತು, ಬರೀ ಎಲೆಕೋಸಿನ ಸಾರಾಯಿತು, ಪಾದ್ರಿಯೊಬ್ಬರ ಮಾತು ಕೇಳಿ ಉಪವಾಸವೂ ಆಯಿತು. ಹತ್ತು ದಿನಕ್ಕೆ ಇಳಿದದ್ದು ಹನ್ನೊಂದನೇ ದಿನ ಬಡ್ಡಿ ಸಮೇತ ವಾಪಸು ಬರುತ್ತಿತ್ತು. ಪಕ್ಕದ ಅಂಗಡಿಯ ನಾಲೊಂಗೊ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳಿ ಹೆತ್ತವಳಿಗೆ ನಮ್ಮಲ್ಲಿ ಬೇರೆ ಹೆಸರಿಲ್ಲ, ಆ ಪಟ್ಟವೇ ಹೆಸರು.

"ದೇವರು ಕೊಟ್ಟ ಮೈನ ಯಾಕೆ ಹಿಂಸೆ ಮಾಡ್ತೀಯೇ? ಆನೆ ಸಣ್ಣಗಾದ್ರೆ ಎಮ್ಮೆ ಆಗುತ್ತೆ, ಅಷ್ಟೇ ತಾನೆ?"

"ಎಮ್ಮೆ ಆದ್ರೂ ಎದ್ದು ನಿಲ್ತದಲ್ಲೇ," ಅಂದಳು ಫೆದರೇಸಿ.

ಒಂದು ಮಧ್ಯಾಹ್ನ ಒಲೆಯ ಮುಂದೆ ತಲೆ ತಿರುಗಿ ಕೂತುಬಿಟ್ಟಳು. ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ರಕ್ತ ನೋಡಿ ಸಕ್ಕರೆ ಕಾಯಿಲೆ ಅಂದರು. ಮಾತ್ರೆ ಕೊಟ್ಟು, ಊಟದ ವಿಷಯ ಹೇಳುವ ನರ್ಸ್ ಹತ್ತಿರ ಕಳಿಸಿದರು. ನರ್ಸ್ ನಾಕಯಿಂಗಿ ಮಾತು ಕಮ್ಮಿಯ ಹುಡುಗಿ, ಮೂಗಿನ ಮೇಲೆ ಕನ್ನಡಕ. ಇದು ತಿನ್ನಬೇಡಿ ಅದು ತಿನ್ನಬೇಡಿ ಅನ್ನಲಿಲ್ಲ. "ನಾಳೆ ನಿಮ್ಮ ಹೋಟ್ಲಿಗೆ ಬರ್ತೀನಿ" ಅಂದಳು. ಬಂದಳು, ಬೆಂಚಿನ ಮೇಲೆ ಕೂತು ಊಟ ಮಾಡಿದಳು. ಊಟ ಮುಗಿದರೂ ಎದ್ದು ಹೋಗದೆ ನೋಡುತ್ತಾ ಕೂತಳು.

"ಅಮ್ಮ, ನೀವು ಊಟ ಮಾಡೋದು ಯಾವಾಗ?"

"ನಾನೆಲ್ಲಿ ಊಟ ಮಾಡ್ತೀನಿ ತಾಯಿ? ಗಿರಾಕಿಗಳೆಲ್ಲ ಹೋದ್ಮೇಲೆ ಪಾತ್ರೇಲಿ ಉಳಿದದ್ದು ಒಂಚೂರು. ಚೆಲ್ಲಬಾರದಲ್ಲ."

"ಹಂಗಾದ್ರೆ ಬೆಳಗಿಂದ ಆ ಸೌಟು ಬಾಯಿಗೆ ಹೋಗ್ತಾ ಇದ್ದದ್ದು ಏನು?"

"ರುಚಿ ನೋಡ್ತಿದ್ದೆ."

ನರ್ಸ್ ನಕ್ಕಳು. ಫೆದರೇಸಿಯ ಕಾಯಿಲೆ ಇದ್ದದ್ದು ಆ ಸೌಟಿನಲ್ಲಿ ಮತ್ತು ಆ ಉಳಿದ ಒಂಚೂರಿನಲ್ಲಿ. ಹೊತ್ತಿಗೆ ಊಟವಿಲ್ಲ, ಹೊತ್ತೆಲ್ಲ ಊಟ. ನರ್ಸ್ ಮತೋಕೆ ಬಿಡಿಸಲಿಲ್ಲ. ಬಾಳೆಕಾಯಿ ಬಿಡಿಸಿದರೆ ನಮ್ಮವರು ಬದುಕುವುದಿಲ್ಲ ಎಂದು ಅವಳಿಗೂ ಗೊತ್ತು. ಫೆದರೇಸಿಯದೇ ಅಂಗೈ ತೋರಿಸಿ, ಇಷ್ಟು ಸಾಕು ಅಂದಳು. ತಟ್ಟೆಯ ಅರ್ಧ ಸೊಪ್ಪು ಇರಲಿ, ಜೊತೆಗೆ ಹುರುಳಿಕಾಯಿ ಕಾಳೋ ಮೀನೋ ಇರಲಿ. ಗೊಜ್ಜು ಸೌಟಿನಲ್ಲಿ ಬೇಡ, ಚಮಚದಲ್ಲಿ. ಗಿರಾಕಿಗಳು ಬರುವ ಮುಂಚೆ ತಟ್ಟೆ ಹಾಕಿಕೊಂಡು ಕೂತು ಉಣ್ಣಬೇಕು. ರುಚಿ ನೋಡುವ ಕೆಲಸ ನಾಲೊಂಗೊಗೆ. ಚಹಾಕ್ಕೆ ಸಕ್ಕರೆ ಬೇಡ, ಶುಂಠಿ ಹಾಕಿಕೊಳ್ಳಲಿ. ಮೊಣಕಾಲಿಗೆ ಬೆಂಚು ಹಿಡಿದು ಕೂತೇಳುವ ಅಭ್ಯಾಸ, ಮೊದಲು ಅರ್ಧ, ನೋವಿಲ್ಲದಿದ್ದರೆ ಪೂರ್ತಿ. ಸಂಜೆ ನಡಿಗೆ.

"ಇದು ನಿಮ್ಮೊಬ್ಬರ ಮೈ ನೋಡಿ ಹೇಳಿದ್ದು. ಬೇರೆಯವರಿಗೆ ಹಂಚಬೇಡಿ" ಅಂದಳು. "ನಿಧಾನಕ್ಕೆ ಇಳಿಯುತ್ತೆ. ಅವಸರ ಬೇಡ."

ನಡಿಗೆಯೇ ಕಷ್ಟವಾಯಿತು. ಕಾಲಿನದಲ್ಲ, ಜನರದ್ದು. ವಯಸ್ಸಾದ ಹೆಂಗಸು ಬರಿಗೈಯಲ್ಲಿ ಗುಡ್ಡ ಹತ್ತಿ ಬರಿಗೈಯಲ್ಲಿ ಇಳಿದರೆ ಊರು ಸುಮ್ಮನಿರುತ್ತದೆಯೇ? "ಎಲ್ಲಿಗೆ ಸೆಂಗಾ?" ಅಂದರೆ ಏನು ಹೇಳುವುದು? ಎಲ್ಲಿಗೂ ಇಲ್ಲ ಅನ್ನಲಾದೀತೇ? ಅವಳು ತಲೆಯ ಮೇಲೊಂದು ಖಾಲಿ ಬುಟ್ಟಿ ಇಟ್ಟು, ಮೇಲೆ ಬಾಳೆ ಎಲೆ ಮುಚ್ಚಿಕೊಂಡು ಹೊರಟಳು. ಸೊಪ್ಪು ತರಲು ಹೊರಟವಳಂತೆ ಕಾಣುತ್ತಿದ್ದಳು. ಯಾರೂ ಕೇಳಲಿಲ್ಲ.

ಮಳೆಗಾಲ ಹೋಗಿ ಬಿಸಿಲು ಬಂತು. ನಮ್ಮ ಹೆಂಗಸರ ಉದ್ದನೆಯ ಉಡುಪು ಗೋಮೆಸಿ, ಅದರ ನಡುಪಟ್ಟಿಯನ್ನು ಮೊದಲಿಗಿಂತ ಒಂದು ಸುತ್ತು ಹೆಚ್ಚಿಗೆ ಸುತ್ತಬೇಕಾಯಿತು. ತಲೆ ತಿರುಗುವುದು ನಿಂತಿತು, ಕಣ್ಣು ತಿಳಿಯಾಯಿತು. ಒಂದು ಭಾನುವಾರ ಇಗರ್ಜಿಯಲ್ಲಿ ಎಲ್ಲರ ಜೊತೆ ಮಂಡಿಯೂರಿದವಳು ಎಲ್ಲರ ಜೊತೆಯೇ ಎದ್ದು ನಿಂತಳು, ಮುಂದಿನ ಬೆಂಚು ಹಿಡಿಯದೆ. ಅವಳು ಆವತ್ತು ಪಟ್ಟ ಸಂತೋಷ ಹೇಳತೀರದು. ಪೂಜೆ ಮುಗಿಯುವವರೆಗೂ ತುಟಿ ಬಿಗಿಹಿಡಿದು ನಿಂತಿದ್ದಳು, ನಕ್ಕರೆ ಯಾರಾದರೂ ಏನಾದರೂ ಅಂದಾರೆಂದು.

ಅನ್ನುವವರು ಆಗಲೇ ಅನ್ನತೊಡಗಿದ್ದರು.

ಮೊದಲು ಗೊತ್ತಾದದ್ದು ವ್ಯಾಪಾರದಲ್ಲಿ. ಡ್ರೈವರುಗಳು ಬಾಗಿಲವರೆಗೆ ಬಂದು, ಅವಳ ಕೆನ್ನೆ ನೋಡಿ, ಏನೋ ನೆನಪಾದವರಂತೆ ನಾಲೊಂಗೊಳ ಕಡೆ ತಿರುಗುತ್ತಿದ್ದರು. ಬಂದವರೂ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಸಂಜೆ ಹೊತ್ತಿಗೆ ಮತೋಕೆ ಉಳಿಯತೊಡಗಿತು. ನಾಲೊಂಗೊ ರುಚಿ ನೋಡುವುದನ್ನು ನಿಲ್ಲಿಸಿದಳು, ಹಲ್ಲು ನೋವು ಅಂದಳು.

"ನಾಲೊಂಗೊ, ನಂಗೇನೂ ಆಗಿಲ್ಲ ಕಣೇ. ಸಕ್ಕರೆ ಕಾಯಿಲೆ. ಆಸ್ಪತ್ರೇಲಿ ಹೇಳಿದ್ರು, ಅದಕ್ಕೇ ತೂಕ ಇಳಿಸ್ತಿದೀನಿ."

ನಾಲೊಂಗೊ ಮುಖ ಬೇರೆ ಕಡೆ ತಿರುಗಿಸಿದಳು. "ಹೌದಾ. ಸಕ್ಕರೇನಾ. ಆಗ್ಲಿ ಬಿಡು. ಹಂಗೇ ಹೇಳು."

ಯಾಕೆ ಹಾಗೆಂದಳು ಅನ್ನುವುದು ಈ ಊರಿನವರಿಗೆಲ್ಲ ಗೊತ್ತು. ನಮ್ಮಲ್ಲಿ ಮಣ್ಣು ಮಾಡುವ ಮೊದಲು ಮನೆಯವರೊಬ್ಬರು ಎದ್ದುನಿಂತು ಸತ್ತವರಿಗೆ ಏನಾಗಿತ್ತೆಂದು ಹೇಳಬೇಕು. ಸಿಲೀಮಿನಿಂದ ಸತ್ತರು ಎಂದು ಯಾರೂ ಹೇಳಿದ್ದಿಲ್ಲ. ಟಿಬಿ ಅನ್ನುತ್ತಿದ್ದರು, ಪ್ರೆಷರ್ ಅನ್ನುತ್ತಿದ್ದರು. ಸ್ವಲ್ಪ ಮಾನವಂತರ ಮನೆಯಾದರೆ ಸಕ್ಕರೆ ಅನ್ನುತ್ತಿದ್ದರು. ಕೇಳಿದವರು ತಲೆಯಾಡಿಸಿ ಅರ್ಥ ಮಾಡಿಕೊಳ್ಳುತ್ತಿದ್ದರು. ಇಷ್ಟು ವರ್ಷ ಸುಳ್ಳಿಗೆ ಹೊದಿಸಿದ ಹೆಸರು, ಈಗ ನಿಜಕ್ಕೆ ಹೊದಿಸಿದರೆ ನಿಲ್ಲುತ್ತದೆಯೇ?

ಆಮೇಲೆ ತಮ್ಮ ಬಂದ. ಲಿಯೋ ಹೋದಮೇಲೆ ಮನೆಗೆ ಯಜಮಾನ ಪಾಸಿಕಾಲೆ. ಕೈಯಲ್ಲಿ ಒಂದು ಕೋಳಿ, ಹಾಲುಪುಡಿ ಡಬ್ಬ, ಗ್ಲೂಕೋಸು. ಕಾಯಿಲೆಯವರನ್ನು ನೋಡಲು ಹೋಗುವಾಗ ತೆಗೆದುಕೊಂಡು ಹೋಗುವ ಸಾಮಾನು. ಫೆದರೇಸಿ ಆ ಗ್ಲೂಕೋಸಿನ ಪೊಟ್ಟಣ ನೋಡಿ ನಗಬೇಕೋ ಅಳಬೇಕೋ ತಿಳಿಯದೆ ನಿಂತಳು.

"ಅಕ್ಕ, ನೀನು ಏನೂ ಮುಚ್ಚಿಡ್ಬೇಡ. ಈಗ ಮಾತ್ರೆ ಬಂದಿದೆ. ಜನ ಬದುಕ್ತಿದಾರೆ."

"ಮುಚ್ಚಿಡೋಕೆ ಏನಿದೆಯೋ? ನಾನು ಸೊಪ್ಪು ತಿಂದು ನಡೆದಾಡಿ ಸಣ್ಣಗಾಗಿದೀನಿ."

"ಬುಟ್ಟಿ ಹೊತ್ಕೊಂಡು ಆಸ್ಪತ್ರೆ ಗುಡ್ಡ ಹತ್ತೋದನ್ನ ಎಲ್ರೂ ನೋಡಿದಾರೆ ಅಕ್ಕ. ಬುಟ್ಟಿ ಖಾಲಿ ಇರೋದನ್ನೂ ನೋಡಿದಾರೆ. ಮಾತ್ರೆ ಅದರಲ್ಲಿಟ್ಕೊಂಡು ತರ್ತೀಯಂತೆ."

ಊರ ಬಾಯಿ ಮುಚ್ಚಿಸಲು ಒಂದೇ ದಾರಿ ಎಂದು ಅವಳಿಗೆ ಅನಿಸಿತು. ಮರುದಿನವೇ ಹೋಗಿ ಪರೀಕ್ಷೆ ಮಾಡಿಸಿಕೊಂಡಳು. ಅದೇ ಗುಡ್ಡ, ಬೇರೆ ಬಾಗಿಲು. ಆ ಬಾಗಿಲ ಮುಂದಿನ ಬೆಂಚಿನಲ್ಲಿ ಹೋಗಿ ಬರುವವರೆಲ್ಲ ಕಾಣುವ ಹಾಗೆ ಅರ್ಧ ದಿನ ಕೂತಳು. ರೋಗ ಇಲ್ಲ ಎಂದರು. ಬಂದು ಪಾಸಿಕಾಲೆಗೆ ಹೇಳಿದಳು, ನಾಲೊಂಗೊಗೆ ಹೇಳಿದಳು, ಕೇಳದವರಿಗೂ ಹೇಳಿದಳು. ಉಪಕಾರವಾಗಲಿಲ್ಲ. ಇವತ್ತು ಇಲ್ಲ ಅಂದವರು ಮೂರು ತಿಂಗಳು ಬಿಟ್ಟು ಮತ್ತೆ ಬಾ ಅಂದಿದ್ದಾರಂತಲ್ಲ, ಯಾಕೆ? ಅನುಮಾನವಿಲ್ಲದವಳು ಆ ಬೆಂಚಿಗೆ ಯಾಕೆ ಹೋದಳು? ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ಅಲ್ಲಿಯವರೆಗೆ ಕಿವಿಯಲ್ಲಿ ಆಡುತ್ತಿದ್ದ ಮಾತು ಆಮೇಲೆ ಬಾಯಲ್ಲಿ ಆಡತೊಡಗಿತು.

ಮಾತು ಲುಕಾಯಾಕ್ಕೂ ಹೋಯಿತು. ಹುಡುಗಿಗೆ ಅಪ್ಪ ಅಮ್ಮ ಇಲ್ಲ, ಸಾಕಿದ ಸೆಂಗಾಳೂ ಕಡ್ಡಿಯಾಗುತ್ತಿದ್ದಾಳೆ, ಆ ಮನೆಯ ರಕ್ತ ಎಂಥದು ಎಂದು ಹುಡುಗನ ತಾಯಿ ಕೇಳಿದಳಂತೆ. ಹುಡುಗಿಯ ಮನೆಯ ಹಿರಿಯರು ಸೇರಿದರು. ಫೆದರೇಸಿಯನ್ನು ಕರೆಯಲಿಲ್ಲ. ಬೇರೊಬ್ಬಳು ಸೆಂಗಾ ಆಗಲಿ, ಬುಲೋಬದಲ್ಲಿ ದಾಯಾದಿಯೊಬ್ಬಳಿದ್ದಾಳೆ, ಮೈಕೈ ತುಂಬಿಕೊಂಡಿದ್ದಾಳೆ ಎಂದು ಅವರ ತೀರ್ಮಾನ. ಹೇಳುವ ಕೆಲಸ ಯಾರದು? ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಅದನ್ನು ಜೋವಿಯಾಳ ಮೇಲೆ ಹಾಕಿದರು.

ಜೋವಿಯಾ ಶನಿವಾರ ಮಧ್ಯಾಹ್ನ ಬಂದಳು. ಮಂಡಿಯೂರಿ ನಮಸ್ಕಾರ ಹೇಳಿದವಳು ಏಳಲಿಲ್ಲ, ಹಾಗೇ ಕೂತಳು.

"ಸೆಂಗಾ, ಶಾಸ್ತ್ರದ ದಿನ ನೀನು ಒಳಗೇ ಇರು. ನಾನು ಒಳಗೆ ಬಂದು ನಿನ್ನ ಆಶೀರ್ವಾದ ತಗೊಳ್ತೀನಿ."

"ಹೂವು ಯಾರು ಚುಚ್ಚೋದು?"

ಜೋವಿಯಾ ನೆಲ ನೋಡಿದಳು.

"ನೀನೂ ನಂಬ್ತೀಯಾ ಮಗಳೇ? ನಿನ್ನ ಕೈಯಲ್ಲಿ ಅಕ್ಷರ ಇದೆ. ನಿಂಗೆ ಬಿಡಿಸಿ ಹೇಳ್ಬೇಕಾ? ಇದು ಸಕ್ಕರೆ ಕಾಯಿಲೆ."

"ಅಪ್ಪನಿಗೂ ನೀನು ಸಕ್ಕರೆ ಅಂದಿದ್ದೆ ಸೆಂಗಾ," ಅಂದಳು ಜೋವಿಯಾ. ದನಿ ಏರಿಸಲಿಲ್ಲ. "ಅಮ್ಮನಿಗೂ ಸಕ್ಕರೆ ಅಂದಿದ್ದೆ. ಹದಿನಾಲ್ಕು ವರ್ಷದವರೆಗೂ ನಾನು ಅದನ್ನೇ ನಂಬಿದ್ದೆ. ಚಹಾಕ್ಕೆ ಸಕ್ಕರೆ ಹಾಕ್ಕೊಳೋಕೆ ಹೆದರ್ತಿದ್ದೆ. ಆಮೇಲೆ ಸ್ಕೂಲಲ್ಲಿ ಹುಡುಗೀರು ಹೇಳಿದ್ರು."

ಎರಡು ಗೋರಿಗಳ ಮುಂದೆಯೂ ಎದ್ದುನಿಂತು ಆ ಮಾತು ಹೇಳಿದವಳು ಫೆದರೇಸಿಯೇ. ಕೂಸಿನ ಮಾನಕ್ಕಾಗಿ ಹೇಳಿದ್ದಳು, ದೊಡ್ಡವಳಾದಾಗ ಸಂಬಂಧ ಬರಲಿ ಎಂದು ಹೇಳಿದ್ದಳು. ಆ ಕೂಸೇ ಈಗ ಎದುರಿಗೆ ಕೂತಿದೆ. ಈಗ ಆಣೆ ಹಾಕಿದರೂ ಪ್ರಯೋಜನವಿಲ್ಲ, ಆಗಲೂ ಆಣೆ ಹಾಕಿಯೇ ಹೇಳಿದ್ದಳು.

ಫೆದರೇಸಿ ಕೇಳಿದಳು, "ನಾನು ಮೈ ತುಂಬ್ಕೊಂಡ್ರೆ?"

ಜೋವಿಯಾ ತಲೆಯೆತ್ತಿದಳು. ಆ ಕಣ್ಣಿನಲ್ಲಿ ಆಸೆ ಇತ್ತು. ಫೆದರೇಸಿ ಸಾಯುವವರೆಗೂ ಆ ಆಸೆಯನ್ನು ಮರೆಯಲಾರಳು. "ಆಗುತ್ತಾ ಸೆಂಗಾ? ಹಂಗಾದ್ರೆ ಯಾರೂ ಏನೂ ಅನ್ನಲ್ಲ. ಪಾಸಿಕಾಲೆ ಚಿಕ್ಕಪ್ಪನೂ ಅದನ್ನೇ ಅಂದ್ರು. ತಿನ್ನು ಸೆಂಗಾ. ನಂಗೋಸ್ಕರ ತಿನ್ನು."

ತಿಂದಳು. ಮೂರು ಹೊತ್ತೂ ಮತೋಕೆ, ಸೌಟು ಗೊಜ್ಜು, ಹಾಲಿಗೆ ಸಕ್ಕರೆ, ರಾತ್ರಿ ಕರಿದ ಬನ್ನು. ಗುಡ್ಡ ಹತ್ತುವುದನ್ನು ಬಿಟ್ಟಳು, ಆಸ್ಪತ್ರೆಯ ಕಡೆಗೇ ತಿರುಗಲಿಲ್ಲ. ಮಾತ್ರೆಯೂ ನಿಂತಿತು, ಮಾತ್ರೆ ತರಲು ಹೋಗುವುದನ್ನೂ ಜನ ನೋಡುತ್ತಾರಲ್ಲ. ಶಾಸ್ತ್ರ ಮುಗಿಯಲಿ, ಮಾರನೆಯ ದಿನದಿಂದಲೇ ಮತ್ತೆ ಪಥ್ಯ ಎಂದು ತನಗೆ ತಾನೇ ಹೇಳಿಕೊಂಡಳು. ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರೆ. ಅವಳು ಬಲ್ಲಳು, ಬಲ್ಲೂ ಉಂಡಳು. ನಾಲಗೆಯ ಚಪಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಎಷ್ಟೋ ಸಲ ಒಂದೊಂದು ತುತ್ತಿಗೂ ನೀರು ಕುಡಿದು ನುಂಗಬೇಕಾಗುತ್ತಿತ್ತು.

ನರ್ಸ್ ನಾಕಯಿಂಗಿ ಒಂದು ದಿನ ಹುಡುಕಿಕೊಂಡು ಬಂದಳು. ಹೋಟೆಲಿನ ಬಾಗಿಲಲ್ಲೇ ನಿಂತು ನೋಡಿದಳು.

"ಯಾಕಮ್ಮ ಬಿಟ್ರಿ?"

"ನಿಂದೇನೂ ತಪ್ಪಿಲ್ಲ ತಾಯಿ. ನಂಗೆ ಹೊಂದೋ ಊಟ ಹೇಳಿದೆ, ಹೊಂದಿತು. ನನ್ನ ಜನಕ್ಕೆ ಹೊಂದಲಿಲ್ಲ."

ನರ್ಸ್ ಬಹಳ ಹೇಳಿದಳು. ಜೋವಿಯಾಳ ಜೊತೆ ತಾನೇ ಮಾತಾಡುತ್ತೇನೆ ಅಂದಳು. ಆಸ್ಪತ್ರೆಯ ಬಟ್ಟೆ ಹಾಕಿಕೊಂಡವಳು ಮನೆಗೆ ಬಂದರೆ ಹೊಸ ಕತೆ ಹುಟ್ಟುತ್ತದೆ ಎಂದು ಫೆದರೇಸಿ ಕೈಮುಗಿದು ಕಳಿಸಿದಳು. ಆಗಲೂ ನಾಲೊಂಗೊ ಪಕ್ಕದ ಅಂಗಡಿಯಿಂದ ನೋಡುತ್ತಲೇ ಇದ್ದಳು.

ಮೈ ಪೂರ್ತಿ ವಾಪಸು ಬರಲಿಲ್ಲ, ಆದರೆ ಕೆನ್ನೆ ಬಂತು. ಜನ ನೋಡುವುದು ಕೆನ್ನೆಯನ್ನೇ. ಮಿಕ್ಕದ್ದಕ್ಕೆ ಗೋಮೆಸಿಯ ಒಳಗೆ ಒಂದರ ಮೇಲೊಂದು ಸೊಂಟದ ಬಟ್ಟೆ ಸುತ್ತಿಕೊಂಡಳು. ಹಿರಿಯರು ಬಂದು ನೋಡಿ, ಆಗಬಹುದು ಅಂದರು. ಗಿರಾಕಿಗಳೂ ಮೆಲ್ಲಗೆ ವಾಪಸು ಬರತೊಡಗಿದರು. "ನೋಡಿದ್ಯಾ, ಮಾತ್ರೆ ಕೆಲಸ ಮಾಡ್ತು" ಎಂದು ನಾಲೊಂಗೊ ಯಾರಿಗೋ ಹೇಳಿದ್ದು ಅವಳ ಕಿವಿಗೂ ಬಿತ್ತು.

ಶಾಸ್ತ್ರದ ದಿನ ಚೆನ್ನಾಗಿಯೇ ನಡೆಯಿತು. ಫೆದರೇಸಿ ಹಸಿರು ಗೋಮೆಸಿ ಉಟ್ಟು ಚಾಪೆಯ ಮೇಲೆ ಬಂದಳು, ಮಂಡಿಯೂರಿದಳು, ನಮಸ್ಕಾರ ಹೇಳಿದಳು, ಯಾರ ಸಹಾಯವೂ ಇಲ್ಲದೆ ಎದ್ದಳು. ಮೊಣಕಾಲು ಇನ್ನೂ ಆ ಅಭ್ಯಾಸವನ್ನು ನೆನಪಿಟ್ಟುಕೊಂಡಿತ್ತು. ಗಂಡಸರ ಸಾಲಿನಲ್ಲಿ ಅಳಿಯನನ್ನು ಹುಡುಕುವ ಆಟ ಆಡಿ ಎಲ್ಲರನ್ನೂ ನಗಿಸಿ, ಹೂವು ಚುಚ್ಚಿದಳು. ಜೋವಿಯಾ ಅತ್ತಳು. ಹುಡುಗನ ತಾಯಿ ಬಂದು ಎರಡೂ ಕೈ ಹಿಡಿದು "ಮೈ ಬಂದಿದೆಯಲ್ಲಮ್ಮ" ಅಂದಳು. ಅವಳಿಗೆ ಬೇಕಾಗಿದ್ದದ್ದು ಸಿಕ್ಕಿತು. ಅವಳ ಬದುಕಿನಲ್ಲಿ ಅಂಥ ದಿನ ಬೇರೆ ಇರಲಿಲ್ಲ ಎಂದು ಆಮೇಲೂ ಹೇಳುತ್ತಿದ್ದಳು.

ಆದರೆ ಆ ದಿನವೆಲ್ಲ ಎಡಗಾಲು ಅವಳದಲ್ಲವೇನೋ ಅನ್ನುವ ಹಾಗಿತ್ತು. ಚಾಪೆ ತಾಗಿದ್ದು ತಿಳಿಯುತ್ತಿರಲಿಲ್ಲ. ದಣಿವು ಅಂದುಕೊಂಡಳು. ಮಾರನೆಯ ದಿನ ಪಥ್ಯ ಶುರುವಾಗಲಿಲ್ಲ, ಮದುವೆ ಇನ್ನೂ ಬಾಕಿ ಇತ್ತಲ್ಲ. ಸೆಂಗಾ ಇಗರ್ಜಿಗೆ ಸಣ್ಣಗಾಗಿ ಬಂದರೆ ಮತ್ತೆ ಅದೇ ಮಾತು. ಮದುವೆಯೂ ಆಯಿತು. ಜೋವಿಯಾ ಬಸುರಿಯಾದಳು. ಬಸುರಿಯ ಮನೆಯವಳು ಸಣ್ಣಗಾಗುವುದು ಇನ್ನೂ ಕೆಟ್ಟದ್ದು. ಹೀಗೆ ಪಥ್ಯ ಮುಂದಕ್ಕೆ ಹೋಗುತ್ತಲೇ ಇತ್ತು.

ಒಂದು ಬೆಳಿಗ್ಗೆ ಒಲೆಯಿಂದ ಕೆಂಡ ಉರುಳಿ ಅವಳ ಪಾದದ ಕೆಳಗೆ ಸಿಕ್ಕಿತು. ಅವಳು ಅದರ ಮೇಲೆ ನಿಂತೇ ಗೊಜ್ಜು ಕಲಕುತ್ತಿದ್ದಳು. "ಏನೋ ಸುಟ್ಟ ವಾಸನೆ" ಅಂದವಳು ನಾಲೊಂಗೊ. ಇಬ್ಬರೂ ಪಾತ್ರೆಯ ತಳ ನೋಡಿದರು, ಎಲೆ ಎತ್ತಿ ನೋಡಿದರು. ಕೊನೆಗೆ ಫೆದರೇಸಿ ಕಾಲು ಎತ್ತಿದಳು.

ಸಣ್ಣ ಗಾಯ ಅಂದುಕೊಂಡರು. ಬಾಳೆಯ ರಸ ಹಚ್ಚಿದರು, ಯಾರೋ ಕೊಟ್ಟ ಪುಡಿ ಹಾಕಿದರು. ಗಾಯ ಕಪ್ಪಾಯಿತು, ಆ ಕಪ್ಪು ಮೇಲಕ್ಕೆ ಹತ್ತಿತು. ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ ಮೊಣಕಾಲಿನ ಕೆಳಗೆ ಉಳಿಸಲು ಏನೂ ಇರಲಿಲ್ಲ. ಸಕ್ಕರೆ ಹೀಗೇ ಮಾಡುತ್ತದೆ ಎಂದು ಡಾಕ್ಟರು ಪಾಸಿಕಾಲೆಯನ್ನೂ ಜೋವಿಯಾಳನ್ನೂ ನಿಲ್ಲಿಸಿಕೊಂಡು ಹೇಳಿದರು. ಅವರು ಬಾಯಿ ತುಂಬ ಸಕ್ಕರೆ ಅಂದದ್ದನ್ನು ಜೋವಿಯಾ ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು. ಆಮೇಲೆ ವಾರ್ಡಿನ ಹೊರಗಿನ ಗೋಡೆಗೆ ಒರಗಿ, ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತವಳನ್ನು ಎಬ್ಬಿಸಲು ಪಾಸಿಕಾಲೆಗೆ ಆಗಲಿಲ್ಲ.

ಸುದ್ದಿ ನ್ಯೆಂಡೋಗೆ ಅವಳಿಗಿಂತ ಮೊದಲು ತಲುಪಿತು. ಮನೆಗೆ ಬಂದ ದಿನ ಅಂಗಳ ತುಂಬ ಜನ. ಡ್ರೈವರುಗಳು ಬಂದರು, ಹಿರಿಯರು ಬಂದರು, ಲುಕಾಯಾದಿಂದ ಬೀಗಿತ್ತಿಯೂ ಬಂದಳು. ಒಬ್ಬರಾದರೂ ಗ್ಲೂಕೋಸು ತರಲಿಲ್ಲ. ಸೊಪ್ಪು ತಂದರು, ಮೀನು ತಂದರು. ಅವಳು ಕುಡಿದಿಟ್ಟ ಲೋಟದಲ್ಲೇ ನೀರು ಬಗ್ಗಿಸಿಕೊಂಡು ಕುಡಿದರು. ಆಸ್ಪತ್ರೆಯಲ್ಲಿ ಮಲಗಿ ಮಲಗಿ ಫೆದರೇಸಿಯ ಕೆನ್ನೆ ಮತ್ತೆ ಒಳಗೆ ಹೋಗಿತ್ತು, ತೋಳು ಜೋತುಬಿದ್ದಿತ್ತು. ಮೊದಲ ಸಲಕ್ಕಿಂತ ಹೆಚ್ಚು ಸಣ್ಣಗಾಗಿದ್ದಳು. ಯಾರೂ ಏನೂ ಅನ್ನಲಿಲ್ಲ.

ನಾಲೊಂಗೊ ಹಾಸಿಗೆಯ ಪಕ್ಕ ಕೂತು, ಹೊದಿಕೆ ತಗ್ಗಾಗಿದ್ದ ಜಾಗವನ್ನು ನೋಡಿ ಕಣ್ಣೊರೆಸಿಕೊಂಡಳು. ಅವಳು ಕೆಟ್ಟವಳಲ್ಲ.

"ಸದ್ಯ ಕಣೇ," ಅಂದಳು. "ಬರೀ ಸಕ್ಕರೆ. ನಾವು ಏನೇನೋ ಅಂದ್ಕೊಂಡುಬಿಟ್ಟಿದ್ವಿ."

ಹಿಂದೆ ನಿಂತಿದ್ದವರೆಲ್ಲ ಹೌದು ಹೌದು ಅಂದರು. ದೇವರು ದೊಡ್ಡವನು, ಬರೀ ಸಕ್ಕರೆ, ಮನೆಯ ಮಾನ ಉಳಿಯಿತು ಅಂದರು. ಆಸ್ಪತ್ರೆಯ ಪರೀಕ್ಷೆಯನ್ನು ನಂಬದ ಊರು, ಅವಳ ಬಾಯಿಮಾತನ್ನು ನಂಬದ ಊರು, ಕತ್ತರಿಸಿದ ಕಾಲನ್ನು ಕಂಡು ನಂಬಿತು. ಜೋವಿಯಾ ಮಾತ್ರ ಒಂದು ಮೂಲೆಯಲ್ಲಿ ಕೂತು ತಟ್ಟೆಗೆ ಸೊಪ್ಪು ಬಡಿಸುತ್ತಿದ್ದಳು. ಬಡಿಸುತ್ತಾ ಬಡಿಸುತ್ತಾ ಕೈ ನಿಂತುಹೋಗಿತ್ತು.

ಫೆದರೇಸಿಗೆ ಸಿಟ್ಟು ಬರಬೇಕಿತ್ತು. ಕೂಗಬೇಕಿತ್ತು. ನಾವೆಲ್ಲ ಅಲ್ಲಿದ್ದೆವು, ಕೂಗಿದ್ದರೆ ಒಬ್ಬರಿಗೂ ಎದುರಾಡುವ ಬಾಯಿ ಇರಲಿಲ್ಲ. ಆದರೆ ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು, ಆ ಮುಖಗಳಲ್ಲಿ ಭಯ ಹೋಗಿರುವುದನ್ನು ನೋಡಿದಳು. ಅವಳಿಗೂ ಸಮಾಧಾನವಾಯಿತು. ಅದನ್ನು ಅವಳೇ ಆಮೇಲೆ ಹೇಳಿದಳು, ಹೇಳುವಾಗ ನಾಚಿಕೆಪಟ್ಟುಕೊಂಡಳು.

"ಹೌದು," ಅಂದಳು, "ನಾನು ಹೇಳಿರಲಿಲ್ವಾ?" ಆಮೇಲೆ ಜೋವಿಯಾಳ ಕಡೆ ಕೈಚಾಚಿ, "ತಾ ಮಗಳೇ, ಉಣ್ಣೋಣ, ಹಸಿವಾಗ್ತಿದೆ" ಅಂದಳು.